ಫೋಟೊದ ನೊಣ

ಘಾನಾದ ಕೇಪ್ ಕೋಸ್ಟ್ ಪಟ್ಟಣದ ಸ್ಟುಡಿಯೊದಲ್ಲಿ ಅರಾಬಾಳಿಗೆ ದಿನವೂ ಅದೇ ಕೆಲಸ. ಫೋಟೊ ತೆಗೆಯುವುದು, ತೊಳೆಯುವುದು, ಆಮೇಲೆ ಸಣ್ಣ ಕುಂಚ ಹಿಡಿದು ಮುಖದ ಮೇಲಿನ ನೊಣಗಳನ್ನು ಅಳಿಸುತ್ತ ಕೂರುವುದು. ಆ ಸೀಮೆಯ ಕ್ಯಾಮೆರಾಗಳೆಲ್ಲ ಹಾಗೆಯೇ. ಬಿಳಿ ದೊರೆಗಳ ಕಾಲದಲ್ಲಿ ಹಡಗು ಹತ್ತಿ ಬಂದವು. ಆ ದೊರೆಗಳು ಇಲ್ಲಿಯ ಜನರನ್ನು ಹೇಗೆ ನೋಡುತ್ತಿದ್ದರೋ ಅವೂ ಇನ್ನೂ ಹಾಗೆಯೇ ನೋಡುತ್ತಿದ್ದವು. ವಕೀಲರು ಕೋಟು ತೊಟ್ಟು ನಿಂತರೂ ಹಿಂದೆ ಬಿರುಕುಬಿಟ್ಟ ನೆಲ ಮೂಡುತ್ತಿತ್ತು. ಮದುಮಗಳ ಕೆನ್ನೆ ಬತ್ತಿಹೋಗಿ, ಕಣ್ಣಂಚಿಗೆ ನೊಣಗಳು ಮುತ್ತುತ್ತಿದ್ದವು. ತಿದ್ದಿದ ಪ್ರತಿ ಫೋಟೊವನ್ನೂ ಕ್ಯಾಮೆರಾದ ಮುಂದೆ ಹಿಡಿದು, "ಸರಿಯಾಗಿ ನೋಡ್ಕೋ, ಇವರು ಇರೋದು ಹೀಗೆ" ಎಂದು ಗದರುವುದು ಅರಾಬಾಳ ತಾಯಿಯ ಕಾಲದಿಂದ ಬಂದ ರೂಢಿ.

ಅಂದು ಬೀದಿಯಾಚೆಯ ಎಕುವಾ ತನ್ನ ಐದು ತಿಂಗಳ ಮಗಳನ್ನು ಎತ್ತಿಕೊಂಡು ಬಂದಳು.

"ಆಂಟಿ, ಇವಳ ಮೊದಲ್ನೇ ಫೋಟೊ. ಇದ್ರಲ್ಲಾದ್ರೂ ನೊಣ..." ಎನ್ನುತ್ತ ಸೆರಗಿನಿಂದ ಮಗುವಿನ ಮುಖ ಒರೆಸಿದಳು.

"ಬಂದ್ರೆ ಅಳಿಸ್ತೀನಿ ಕಣಮ್ಮ. ನೀನು ಮಗೂನ ನಗಿಸು."

ತೊಳೆದು ಒಣಹಾಕಿದ ಫೋಟೊದ ಮುಂದೆ ಇಬ್ಬರೂ ಉಸಿರು ಬಿಗಿಹಿಡಿದು ನಿಂತರು. ದುಂಡು ಕೆನ್ನೆ, ಬೊಚ್ಚುಬಾಯಿಯ ನಗು. ಹಿಂದೆ ಸ್ಟುಡಿಯೊದ ಹೂವಿನ ಪರದೆಯೇ ಇತ್ತು, ಬಿರುಕು ನೆಲವಿರಲಿಲ್ಲ. ಆದರೆ ಮೂಗಿನ ತುದಿಯಲ್ಲಿ ಒಂದೇ ಒಂದು ನೊಣ ಕೂತಿತ್ತು. ಎಕುವಾಳ ಮುಖ ಇಳಿದುಹೋಯಿತು.

ಅರಾಬಾ ನಿಟ್ಟುಸಿರುಬಿಟ್ಟು, ಕುಂಚ ಅದ್ದಿ, ನೊಣಕ್ಕೆ ಮೆಲ್ಲಗೆ ತಾಗಿಸಿದಳು.

ಅದು ಗುಂಯ್ ಎಂದು ಎದ್ದು ಕಿಟಕಿಯಾಚೆ ಹಾರಿಹೋಯಿತು.