ಮೂರನೇ ಮಹಡಿಯ ತಾಲೀಮು

"ಇನ್ನೊಂದು ಸಲ ಹೇಳು. ಈಗ ನಾನು ಅಂಗಡಿಯವನು," ಎಂದಳು ತಾಯಿ, ದಿಂಬಿಗೆ ಒರಗಿ ಮುಖ ಗಂಟಿಕ್ಕಿಕೊಂಡು.

ದರ್ಜಿ ಗಂಟಲು ಸರಿಮಾಡಿಕೊಂಡ. "ಸ್ವಾಮಿ, ನಮ್ಮ ಕಟ್ಟಡಕ್ಕೆ ಲಿಫ್ಟ್ ಬಂದರೆ ವಯಸ್ಸಾದವರಿಗೆ ತುಂಬಾ ಅನುಕೂಲ..."

"ನನಗೇನಪ್ಪಾ ಅದರಿಂದ? ನಾನು ನೆಲದ ಮೇಲೇ ಇದೀನಿ. ಹೋಗು ಹೋಗು, ಗಿರಾಕಿ ಕಾಯ್ತಿದಾರೆ." ತಾಯಿ ಸ್ವಂತ ಮಗನನ್ನು ನೊಣದಂತೆ ಅಟ್ಟಿಬಿಟ್ಟಳು.

ಸೊಂಟದ ಮೂಳೆ ಮುರಿದಾಗಿನಿಂದ ಅವಳು ಕೋಲೂರಿಕೊಂಡು ಮನೆಯೊಳಗೆ ಓಡಾಡಬಲ್ಲಳು, ಮೆಟ್ಟಿಲು ಮಾತ್ರ ಇಳಿಯುವಂತಿಲ್ಲ. ಬೀದಿ ತುಳಿದು ಎಂಟು ತಿಂಗಳಾಯಿತು. ಲಿಫ್ಟಿಗೆ ಕಟ್ಟಡದ ಐದೂ ಮನೆಯವರು ಒಪ್ಪಬೇಕು. ಒಬ್ಬರು ತಲೆ ಅಲ್ಲಾಡಿಸಿದರೂ ಮುಗಿಯಿತು, ಅವಳ ಪ್ರಪಂಚ ಆ ಬಾಲ್ಕನಿಯಷ್ಟೇ. ಭಾನುವಾರ ಸಭೆ. ಅದನ್ನು ನೆನೆದರೇ ದರ್ಜಿಗೆ ಊಟ ಸೇರುತ್ತಿರಲಿಲ್ಲ.

ತಾಯಿಗೆ ಮಾತ್ರ ಹಬ್ಬ ಬಂದಷ್ಟು ಹುರುಪು. ಮೂವತ್ತು ವರ್ಷ ಮನೆಮನೆ ತಿರುಗಿ ಹೊಲಿಗೆ ಯಂತ್ರ ಮಾರಿದವಳು ಅವಳು.

"ಒಂದೇ ಮೆಷಿನ್ನು ಕಣೋ, ಆದರೆ ಮನೆಗೊಂದು ಕಥೆ. ಅಂಗಡಿಯವನಿಗೆ ಮುದುಕಿ ಸಂಕಟ ಹೇಳಿದ್ರೆ ಆಕಳಿಸ್ತಾನೆ. ಮೇಲಿನವರು ಅಕ್ಕಿ ಯಾಕೆ ಎರಡೆರಡೇ ಕಿಲೋ ಒಯ್ತಾರೆ ಕೇಳು. ಹೊರೋಕಾಗಲ್ಲ! ಲಿಫ್ಟ್ ಬಂದ್ರೆ ಮೂಟೆನೇ ಹತ್ತುತ್ತೆ ಅನ್ನು."

"ಮೊದಲ ಮಹಡಿ ಹಲ್ಲಿನ ಡಾಕ್ಟ್ರಿಗೆ?"

"ಹಲ್ಲು ಕಟ್ಟಿಸ್ಕೊಳ್ಳೋರೆಲ್ಲ ಮೆಟ್ಟಿಲು ಹತ್ತಲಾರದ ವಯಸ್ಸಿನವರೇ ಅಲ್ವಾ ಡಾಕ್ಟ್ರೇ ಅಂತ ಕೇಳಿ ಸುಮ್ಮನಿರು. ಮಿಕ್ಕಿದ್ದು ಅವರೇ ಯೋಚಿಸ್ತಾರೆ. ಎರಡನೇ ಮಹಡಿ ಅವಳಿಜವಳಿ ಮಕ್ಕಳ ತಾಯಿ ಹತ್ರ ಮಾತೇ ಬೇಡ. ಮಕ್ಕಳ ತಳ್ಳುಗಾಡಿ ಹೊತ್ಕೊಂಡು ಮೇಲೆ ಬಾ, ಬಾಗಿಲಲ್ಲಿ ಇಳಿಸಿ ಉಸ್ಸಪ್ಪಾ ಅನ್ನು."

"ಅಂತೂ ಮೂರು ಮನೆ, ಮೂರು ಮಾತು," ಎಂದ ದರ್ಜಿ.

"ನಾಲ್ಕು," ಎಂದಳು ತಾಯಿ, ಬರೆದ ಹಾಳೆ ಪಕ್ಕಕ್ಕಿಟ್ಟು ಇನ್ನೊಂದು ಎಳೆದುಕೊಳ್ಳುತ್ತ.

ಪಾಪ, ವಯಸ್ಸಾಯಿತು, ನಮ್ಮ ಮನೆಯನ್ನೂ ಸೇರಿಸಿಕೊಂಡಳು ಎಂದುಕೊಂಡ. ಏಕೆಂದರೆ ನಾಲ್ಕನೇ ಮಹಡಿಯ ಮಾತೆತ್ತುವ ಧೈರ್ಯ ಇಬ್ಬರಿಗೂ ಇದ್ದಿರಲಾರದು. ಅಲ್ಲಿದ್ದವರು ನಿವೃತ್ತ ಹೆಡ್‌ಮಿಸ್. ಅಂಗಡಿಯವನೂ ಡಾಕ್ಟರೂ ದರ್ಜಿಯೂ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡು ಬೆಳೆದವರೇ. ಗೋಡೆಗೆ ಬಣ್ಣ ಬೇಡ, ಗೇಟಿಗೆ ದೀಪ ಬೇಡ, ಎಲ್ಲಕ್ಕೂ ಬೇಡ ಎನ್ನುವವರು ಅವರು. ದಿನಾ ಬೆಳಗಿನ ನಡಿಗೆ ಮುಗಿಸಿ, ಮಹಡಿಗೊಮ್ಮೆ ನಿಂತು ಸುಧಾರಿಸಿಕೊಂಡು, ಮೂರನೆಯದರಲ್ಲಿ ಇನ್ನೂ ತುಸು ಹೆಚ್ಚು ಹೊತ್ತು ನಿಂತು, ಮೇಲೆ ಹೋಗುತ್ತಿದ್ದರು. ಅಷ್ಟು ಹೊತ್ತಿಗೆ ದರ್ಜಿ ತನ್ನ ಹೊಲಿಗೆ ಅಂಗಡಿಯ ಬಾಗಿಲು ತೆಗೆಯಲು ಹೋಗಿರುತ್ತಿದ್ದ. ದೇವರ ದಯೆ.

"ಹೆಡ್‌ಮಿಸ್‌ಗೆ ಏನು ಹೇಳಲಿ?"

"ಅವರ ಹತ್ರ ತುಟಿ ಬಿಚ್ಚಿದ್ರೆ ನೋಡು!"

ವಾರವಿಡೀ ದರ್ಜಿ ಹೇಳಿಕೊಟ್ಟಂತೆ ನಡೆದ. ಅಂಗಡಿಯವನು ಮೂಟೆಯ ಮಾತಿಗೆ ಕಿವಿ ನಿಮಿರಿಸಿದ. ಡಾಕ್ಟರು ಕನ್ನಡಕ ಒರೆಸಿ "ಹೌದಲ್ಲ!" ಎಂದರು. ಅವಳಿಜವಳಿ ತಾಯಿ ತಳ್ಳುಗಾಡಿ ಇಳಿಸುವ ಮುಂಚೆಯೇ "ಅಣ್ಣಾ, ಲಿಫ್ಟ್ ಯಾವಾಗ?" ಎಂದಳು.

ಭಾನುವಾರ ಬೆಳಿಗ್ಗೆ ಎಲ್ಲರೂ ಮೆಟ್ಟಿಲ ಬುಡದಲ್ಲಿ ಸೇರಿದರು. ಅಲ್ಲಿಯೇ ದರ್ಜಿ ಎಡವಿದ. ಮೂವರಿಗೂ ಸೇರಿಸಿ ಒಂದೇ ಭಾಷಣ ಮಾಡಲು ಹೋಗಿ, ಅಂಗಡಿಯವನ ಮುಂದೆ ತಳ್ಳುಗಾಡಿ, ಡಾಕ್ಟರ ಮುಂದೆ ಅಕ್ಕಿ ಮೂಟೆ ಇಟ್ಟ. ಅಂಗಡಿಯವನು ಗಡಿಯಾರ ನೋಡಿದ. "ಕೆಲಸ ಎಷ್ಟು ದಿನ?" ಎಂದರು ಡಾಕ್ಟರು. ಮೂರು ತಿಂಗಳು ಎಂದ. "ಧೂಳು?" ಎಂದಳು ಅವಳಿಜವಳಿ ತಾಯಿ. ಇದ್ದೇ ಇರುತ್ತೆ ಎಂದ. ಸುಳ್ಳು ಹೇಳಲು ಬಾರದ ಪ್ರಾಣಿ. ಎಲ್ಲರ ಮುಖವೂ ಇಳಿಯಿತು. "ಮುಂದಿನ ವರ್ಷ ನೋಡೋಣ ಬಿಡಿ," ಎಂದು ಯಾರೋ ಗೊಣಗಿದರು. ಅಮ್ಮನಿಗೆ ಯಾವ ಮುಖ ಹೊತ್ತು ಹೇಳಲಿ ಎಂದುಕೊಳ್ಳುತ್ತ ದರ್ಜಿ ಸಹಿ ಹಾಕಿಸಲು ತಂದಿದ್ದ ಒಪ್ಪಿಗೆಯ ಕಾಗದವನ್ನು ಮಡಚತೊಡಗಿದ.

ಅಷ್ಟರಲ್ಲಿ ಹೆಡ್‌ಮಿಸ್ ಎದ್ದು ನಿಂತರು. ಮುಗಿಯಿತು ಕಥೆ!

"ಲಿಫ್ಟಂತೆ ಲಿಫ್ಟು! ನಿಮ್ಮ ಕೈಲಿ ಇದೆಲ್ಲ ಆಗೋದಲ್ಲ, ಮನೆಗೆ ಹೋಗಿ. ಏಯ್ ಅಂಗಡಿ, ನೀನು ಎಂಟನೇ ಕ್ಲಾಸಲ್ಲೇ ಹಿಂದಿನ ಬೆಂಚು ಬಿಟ್ಟು ಏಳದವನು, ಈಗ ವ್ಯಾಪಾರ ಬೆಳೆಸ್ತೀಯಾ? ಡಾಕ್ಟ್ರೇ, ಪಕ್ಕದ ಬೀದಿ ಕ್ಲಿನಿಕ್ಕಿಗೆ ಲಿಫ್ಟ್ ಬಂದು ವರ್ಷವಾಯ್ತು, ನಿನಗೆ ಹೊಟ್ಟೆಕಿಚ್ಚೂ ಬರಲಿಲ್ಲ! ಏನಮ್ಮಾ, ನಿಮ್ಮ ಕಾಲದ ಹುಡುಗೀರಿಗೆ ಮೂರು ತಿಂಗಳ ಧೂಳು ತಡೆಯೋ ಗಟ್ಟಿತನ ಎಲ್ಲಿ ಬರಬೇಕು?"

ಅಂಗಡಿಯವನ ಕಿವಿ ಕೆಂಪಗಾಯಿತು.

"ನಮ್ಮ ಕೈಲಿ ಆಗಲ್ವಾ? ಎಲ್ಲಿ ತಗೊಂಬಾರಯ್ಯ ಆ ಕಾಗದ!"

ಡಾಕ್ಟರು ಅವನ ಕೈಯಿಂದ ಪೆನ್ನು ಕಿತ್ತುಕೊಂಡರು. ಅವಳಿಜವಳಿ ತಾಯಿ ಎರಡು ಕೂಸು ಕಂಕುಳಲ್ಲಿಟ್ಟುಕೊಂಡೇ ಸಹಿ ಗೀಚಿದಳು. ಕಡೆಗೆ ಎಲ್ಲರೂ ಗೆದ್ದ ಮುಖ ಮಾಡಿಕೊಂಡು ಹೆಡ್‌ಮಿಸ್ ಕಡೆ ತಿರುಗಿದರು. "ಹಾಳಾಗಿ ಹೋಗಿ," ಎಂದು ಅವರೂ ಸಹಿ ಹಾಕಿದರು.

ದರ್ಜಿ ಎರಡೆರಡು ಮೆಟ್ಟಿಲು ಹಾರಿ ಮನೆಗೆ ಓಡಿದ. "ಅಮ್ಮಾ! ಐದಕ್ಕೆ ಐದೂ ಸಹಿ! ಹೆಡ್‌ಮಿಸ್ ಹಾಳು ಮಾಡೋಕೆ ಬಂದು ತಾವೇ ಕೆಲಸ ಮಾಡಿಕೊಟ್ಟುಬಿಟ್ರು!" ತಾಯಿಯ ಕಣ್ಣು ತುಂಬಿತು. ಮಗ ಅವಳ ಪಾದದ ಬಳಿ ಕುಸಿದು ಕುಳಿತು ಅಳುತ್ತಲೇ ನಕ್ಕ.

ಆಗ ಬಾಗಿಲಲ್ಲಿ ಏದುಸಿರು ಕೇಳಿಸಿತು. ಹೆಡ್‌ಮಿಸ್ ಚೌಕಟ್ಟು ಹಿಡಿದು ನಿಂತಿದ್ದರು. ಗಾಬರಿಯಿಂದ ಎದ್ದ ದರ್ಜಿಯನ್ನು ಕಂಡೂ ಕಾಣದಂತೆ, ಅವನ ತಾಯಿಯತ್ತ ತಿರುಗಿ ಕೇಳಿದರು:

"ಏನೇ, ನೀನು ಬರೆದುಕೊಟ್ಟ ಹಾಗೇ ಬೈದೆ ಕಣೆ, ಕೇಳಿಸ್ತಾ?"