ಅಂಟಿಕೊಂಡ ಬೀಗರು

ಬಟ್ಟೆ ನೆನೆಸುವ ಪ್ಲಾಸ್ಟಿಕ್ ಟಬ್ಬಿನಲ್ಲಿ ರೊವೆನಾಳ ಅಪ್ಪನೂ ಅತ್ತೆಯೂ ಮುಖಕ್ಕೆ ಮುಖ ಅಂಟಿಸಿಕೊಂಡು ಬೆಳಗಿನಿಂದ ತೇಲುತ್ತಿದ್ದರು. ಒಂದು ಫೋಟೋದ ಬೆನ್ನ ಮೇಲೆ "ಅಪ್ಪ" ಎಂದೂ ಇನ್ನೊಂದರ ಬೆನ್ನ ಮೇಲೆ "ಅತ್ತೆ" ಎಂದೂ ಹತ್ತೊಂಬತ್ತು ವರ್ಷದ ಹಿಂದೆ, ಮದುವೆಯಾದ ಹೊಸತರಲ್ಲಿ, ಅವಳೇ ಬರೆದದ್ದು ಇನ್ನೂ ಕಾಣುತ್ತಿತ್ತು. ಮುಖಗಳು ಮಾತ್ರ ಒಳಗೆ.

"ಆಲ್ಬಮ್ ಭಾರ ಅಂತ ಫೋಟೋ ಎಲ್ಲ ಕಿತ್ತು ಶೂ ಡಬ್ಬಿಗೆ ತುರುಕಿದೆಯಲ್ಲ, ಎಂಥಾ ಬುದ್ಧಿವಂತನಯ್ಯ ನೀನು!" ಎಂದು ಗಂಡನ ಮೇಲೆ ಹರಿಹಾಯ್ದಳು.

"ಹೊಳೆ ಅಡಿಗೆಮನೆ ಒಳಗೆ ಬಂದಿತ್ತು ಕಣೇ. ಆ ಆಲ್ಬಮ್ ಹೊತ್ಕೊಂಡು ಮಾಳಿಗೆ ಹತ್ತಕ್ಕಾಗುತ್ತಾ? ಉಳಿಸಿದ್ದು ನಾನೇ ತಾನೆ?" ಎಂದ ದಿಂದೊ.

"ಉಳಿಸಿದ ಚೆಂದ ನೋಡು ಅಲ್ಲಿ."

ಅಲ್ಲಿ ಎಂದರೆ ಬಟ್ಟೆ ಒಣಹಾಕುವ ಹಗ್ಗ. ನೆರೆ ಇಳಿದ ಮೂರನೆಯ ದಿನ ಮರಿಕೀನಾ ಊರಿನ ಆ ಗಲ್ಲಿಯಲ್ಲಿ ಎಲ್ಲರ ಹಗ್ಗದ ಮೇಲೂ ಹೊದಿಕೆ, ಪರದೆ. ಇವರ ಹಗ್ಗದ ಮೇಲೆ ಮದುವೆ. ಕ್ಲಿಪ್ಪು ಸಿಕ್ಕಿಸಿದ ಫೋಟೋಗಳಲ್ಲಿ ಪಾದ್ರಿಗೆ ತಲೆ ಇರಲಿಲ್ಲ, ಕೇಕು ಕರಗಿ ನೀಲಿಯಾಗಿ ಹರಿದಿತ್ತು, ಮದುಮಗ ಇರಬೇಕಾದಲ್ಲಿ ಒಂದು ಹಳದಿ ಮೋಡ ನಿಂತಿತ್ತು. ಸ್ಟುಡಿಯೋದವನು ನೆಗೆಟಿವ್ ಸಮೇತ ಎಂದೋ ಊರು ಬಿಟ್ಟಿದ್ದ. ಅವೆಲ್ಲ ಹೋದರೆ ಹೋಗಲಿ; ರೊವೆನಾಳ ಜೀವ ಇದ್ದದ್ದು ಟಬ್ಬಿನಲ್ಲಿ. ಅವಳಪ್ಪ ಟಿನೊಂಗ್ ಬಾಯ್ತುಂಬ ನಕ್ಕ ಫೋಟೋ ಭೂಮಿಯ ಮೇಲೆ ಅದೊಂದೇ. ಬೇರೆ ಯಾವುದರಲ್ಲಿ ನೋಡಿದರೂ ಪೊಲೀಸರು ಹಿಡಿದುಕೊಂಡು ಬಂದವನ ಹಾಗೆ ನಿಂತಿರುತ್ತಿದ್ದ. ಆತ ತೀರಿಕೊಂಡು ಆರು ವರ್ಷವಾಗಿತ್ತು.

"ನೆಂದಿದ್ದು ಸಾಕು, ಇತ್ತ ಕೊಡು." ಹಿಂದಿನಿಂದ ಬಂದವಳು ದಿಂದೊನ ತಾಯಿ ಚಾಯೊಂಗ್. ನಲವತ್ತು ವರ್ಷ ಶೂ ಕಾರ್ಖಾನೆಯಲ್ಲಿ ಅಟ್ಟೆಗೆ ಅಂಟು ಬಳಿದ ಕೈ ಅವಳದು. "ಅಂಟಿದ್ದನ್ನ ಬಿಡಿಸೋದು ನನಗೆ ಗೊತ್ತು. ಆದ್ರೆ ಎರಡೂ ಉಳಿಯಲ್ಲ, ಮೊದಲೇ ಹೇಳ್ಬಿಡ್ತೀನಿ. ಹಲಗೆ ಮೇಲೆ ಚಪ್ಪಟೆಯಾಗಿ ಒತ್ತಿ ಹಿಡಿದದ್ದು ಉಳಿಯುತ್ತೆ. ಬಗ್ಗಿಸಿ ಎಳೆದದ್ದು ಸಿಪ್ಪೆ ಏಳುತ್ತೆ."

ರೊವೆನಾ ಟಬ್ಬನ್ನು ತನ್ನ ಕಡೆಗೆ ಎಳೆದುಕೊಂಡಳು. ಅಪ್ಪನನ್ನು ಉಳಿಸಿ ಎಂದು ಯಾವ ಬಾಯಲ್ಲಿ ಕೇಳುವುದು? ಅತ್ತೆಯ ಫೋಟೋವಾದರೂ ಸಾಮಾನ್ಯದ್ದೇ? ನೀಲಿ ಗೌನು, ಮುತ್ತಿನ ಸರ, ರಾಣಿಯ ಹಾಗೆ ಎತ್ತಿದ ಗಲ್ಲ. "ನಾನು ಸತ್ತಾಗ ಪೆಟ್ಟಿಗೆ ಮೇಲೆ ಇಡಬೇಕಾದ್ದು ಇದನ್ನೇ" ಎಂದು ಪ್ರತಿ ಕ್ರಿಸ್‌ಮಸ್ಸಿಗೂ ನೆರೆಹೊರೆಯವರನ್ನು ಕೂರಿಸಿಕೊಂಡು ತೋರಿಸುತ್ತಿದ್ದಳು. ಅದರ ಮೇಲೆ ಟಿನೊಂಗ್‌ನ ಬಗ್ಗೆ ಇದ್ದ ಸಿಟ್ಟು ಬೇರೆ. ಅಲ್ಲಿನ ಪದ್ಧತಿಯಂತೆ ಮದುವೆಯ ಊಟದ ಖರ್ಚು ಗಂಡಿನ ಮನೆಯವರದು; ಅಂದಮೇಲೆ ಇಡಿಯಾಗಿ ಸುಟ್ಟ ಹಂದಿಯ ತಲೆಯೂ ಅವರದೇ, ಮಾರನೆಯ ದಿನ ವಿನೆಗರ್ ಹಾಕಿ ಕುದಿಸಿ ತಿನ್ನಲಿಕ್ಕೆ. ಹೆಣ್ಣಿನ ಅಪ್ಪ ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಜೀಪ್ನಿ ಹತ್ತಿಬಿಟ್ಟಿದ್ದ. ಅವತ್ತಿನಿಂದ ಬೀಗರಿಬ್ಬರಿಗೆ ಮಾತಿಲ್ಲ. ಆತ ಸತ್ತಾಗ ಚಾಯೊಂಗ್ ಹೋದಳು, ಹೆಣದ ಮುಂದೆ ನಿಂತಳು, ಒಂದೇ ಮಾತು ಕೇಳಿದಳು: "ಹಂದಿ ಕಿವಿ ಗರಿಗರಿಯಾಗಿತ್ತೇನೋ?"

"ಅಷ್ಟು ವರ್ಷ ಮುಖ ತಿರುಗಿಸ್ಕೊಂಡಿದ್ದೋರು, ನೀರು ಬಂದದ್ದೇ ತಡ ತಬ್ಕೊಂಡುಬಿಟ್ರಲ್ಲಮ್ಮಾ!" ಎಂದ ದಿಂದೊ.

"ಬಾಯ್ಮುಚ್ಕೊಂಡು ಹಲಗೆ ತಾ."

ಮುದುಕಿ ಫೋಟೋಗಳ ಜೋಡಿಯನ್ನು ಎತ್ತಿ, ನೀರು ಬಸಿದು, ಹಲಗೆಯ ಮೇಲೆ ಒಮ್ಮೆ ಇಟ್ಟಳು, ಮತ್ತೆ ಮಗುಚಿ ಇಟ್ಟಳು. ರೊವೆನಾ ಕಣ್ಣು ಮುಚ್ಚಿಕೊಂಡಳು.

"ಕಣ್ಣು ಬಿಡೇ! ಈ ಮೂಲೆ ಒತ್ತಿ ಹಿಡಿ, ಜಾರುತ್ತೆ."

ಕಣ್ಣು ಬಿಟ್ಟರೆ ಮೇಲುಗಡೆ ಕಂಡದ್ದು "ಅತ್ತೆ" ಎಂಬ ಅಕ್ಷರ. ಹಲಗೆಗೆ ಒತ್ತಿಕೊಂಡು ಕೆಳಗೆ ಮಲಗಿದ್ದವನು ಅಪ್ಪ. ಸುಮ್ಮನಿದ್ದುಬಿಡೋಣ ಎಂದು ಒಂದು ಮನಸ್ಸು. ಆಗಲಿಲ್ಲ.

"ಅತ್ತೆ, ತಪ್ಪಾಯ್ತು ನೋಡಿ. ಎಳೆಯೋ ಕಡೆ ನೀವಿದ್ದೀರಿ."

"ನನಗೆ ಓದಕ್ಕೆ ಬರಲ್ವಾ?"

"ಅಮ್ಮಾ, ನಿನ್ನ ಪೆಟ್ಟಿಗೆ ಫೋಟೋ ಅದು!" ಎಂದ ದಿಂದೊ.

"ನಾನಿನ್ನೂ ಇದೀನಲ್ಲೋ, ದಡ್ಡ. ನಾಳೆ ಬೇಕಾದ್ರೆ ಹತ್ತು ತೆಗೆಸ್ಕೋತೀನಿ. ಆ ಮುದುಕ ಎಲ್ಲಿಗೆ ಹೋಗಿ ತೆಗೆಸ್ಕೋತಾನೆ?"

ಚಾಯೊಂಗ್ ಮೇಲಿನ ಹಾಳೆಯ ತುದಿಯನ್ನು ಬಗ್ಗಿಸಿ, ಉಸಿರು ಬಿಗಿಹಿಡಿದು, ಅಕ್ಕಿ ಕಾಳಿನಷ್ಟು ಅಕ್ಕಿ ಕಾಳಿನಷ್ಟೇ ಹಿಂದಕ್ಕೆ ಸುತ್ತುತ್ತ ಹೋದಳು. ಮೊದಲು ಟಿನೊಂಗ್‌ನ ಬೂಟು ಬಂತು, ಆಮೇಲೆ ಹೊಟ್ಟೆ, ಆಮೇಲೆ ಗುಂಡಿ ಬಿಚ್ಚಿಹೋದ ಕೊರಳು. ಕೊನೆಗೆ ಹಲ್ಲು, ಇದ್ದ ಅಷ್ಟೂ ಹಲ್ಲು. ನಗುತ್ತಲೇ ಇದ್ದ. ಅತ್ತೆಯ ಫೋಟೋದಲ್ಲಿ ಗೌನು ಉಳಿದಿತ್ತು, ಮುತ್ತಿನ ಸರ ಉಳಿದಿತ್ತು, ಮುಖ ಇದ್ದಲ್ಲಿ ಬರೀ ಬಿಳಿ ಕಾಗದ.

ರೊವೆನಾ ಅಪ್ಪನ ಮೇಲೆ ಬಾಗಿದಳು. ಅಳು ಬರುವುದರೊಳಗೆ ದಿಂದೊ ಕಿಸಕ್ಕೆಂದ, ಆಮೇಲೆ ತಡೆಯಲಾರದೆ ನೆಲದ ಮೇಲೇ ಕೂತುಬಿಟ್ಟ. ಅತ್ತೆಯ ಮುಖದಿಂದ ಕಿತ್ತು ಬಂದ ಎರಡು ಕೆಂಪು ತುಟಿಗಳು ಟಿನೊಂಗ್‌ನ ಕೆನ್ನೆಯ ಮೇಲೆ ಸರಿಯಾಗಿ ಕೂತಿದ್ದವು.

ರೊವೆನಾ ಗಾಬರಿಯಿಂದ ಹತ್ತಿ ನೆನೆಸಿ ಒರೆಸಹೋದಳು. ಮುದುಕಿ ಅವಳ ಕೈ ಹಿಡಿದಳು.

"ಮುಟ್ಟಬೇಡ. ಒರೆಸಿದ್ರೆ ಅವನ ಹಲ್ಲೂ ಜೊತೆಗೇ ಬರುತ್ತೆ."

ತಾನೇ ಎದ್ದುಹೋಗಿ ಫೋಟೋವನ್ನು ನೆರಳಿರುವ ಕಡೆ ಕ್ಲಿಪ್ಪು ಹಾಕಿ ನೇತುಹಾಕಿದಳು. ಅಷ್ಟರಲ್ಲಿ ಎದುರುಮನೆಯವಳು ಕತ್ತು ಉದ್ದ ಮಾಡಿಕೊಂಡು ಹಗ್ಗದ ಕಡೆಗೇ ಬರುತ್ತಿದ್ದಳು. ಚಾಯೊಂಗ್ ಸೊಸೆಯ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದಳು:

"ಯಾರಾದ್ರೂ ಕೇಳಿದ್ರೆ, ಲಿಪ್‌ಸ್ಟಿಕ್ಕು ನಿಂದು ಅಂತ ಹೇಳು."