ಎರಡು ಭಾಷಣ, ಒಂದು ದೋಣಿ

ಒಂದೇ ದೋಣಿಯನ್ನು ಇಬ್ಬರಿಗೂ ಕೊಡಬಾರದಿತ್ತು ಎಂದು ಪ್ರಭಾವತಿ ಬೆಳಗ್ಗಿನಿಂದ ತನ್ನೊಳಗೇ ಹೇಳಿಕೊಳ್ಳುತ್ತಿದ್ದಳು. ಕೋಟದ ಯುವಕ ಮಂಡಲದ ಚರ್ಚಾಸ್ಪರ್ಧೆಗೆ ಚಿಕ್ಕಮ್ಮನ ಮಗ ಲೀಲಾಧರನ ಭಾಷಣ ಬರೆದುಕೊಟ್ಟವಳು ಅವಳು. ಆಮೇಲೆ ಬೇಲಿಯಾಚೆಯ ಗುಣಪಾಲ ಬಂದು, "ಪ್ರಭಕ್ಕ, ನಂಗೂ ಒಂದ್ ಬರ್ದ್ ಕೊಡಿ. ಲೀಲಾಧರ್ನಿಗ್ ಹೇಳುದ್ ಬ್ಯಾಡ" ಎಂದಾಗ ಇಲ್ಲವೆನ್ನಲು ಬಾಯಿ ಬರಲಿಲ್ಲ. ಲೀಲಾಧರ ಪರ, ಗುಣಪಾಲ ವಿರೋಧ. ಲೀಲಾಧರನ ಭಾಷಣದಲ್ಲಿ ತಾನೇ ದೋಣಿಯ ಹೋಲಿಕೆ ಕೊಟ್ಟು ಹೂಡಿದ ಪ್ರಶ್ನೆಗೆ ಗುಣಪಾಲನ ಭಾಷಣದಲ್ಲಿ ತಾನೇ ಉತ್ತರ ಕೊಟ್ಟಳು. ಯಾರು ಗೆದ್ದರೂ ಗೆದ್ದವಳು ತಾನೇ ಎಂದು ಆಗ ನಗು ಬಂದಿತ್ತು. ಆದರೆ ಅವಳಿಗೆ ನಿಜವಾಗಿ ಅನ್ನಿಸಿದ್ದು ಆ ಎರಡರಲ್ಲೂ ಇರಲಿಲ್ಲ. ಅದನ್ನು ಕೇಳಿದವರೂ ಇರಲಿಲ್ಲ.

ವಿಷಯ ಸಣ್ಣದಲ್ಲ. ಆಕಾಶಕ್ಕೆ ಹೋಗಿ, ಕೆಲಸ ಮುಗಿಸಿ, ವಿಮಾನದಂತೆ ನೆಲಕ್ಕಿಳಿದು, ಮತ್ತೆ ಹೋಗಬಲ್ಲ ವ್ಯೋಮನೌಕೆಯನ್ನು ಸೈನ್ಯಕ್ಕಾಗಿ ಕಟ್ಟಲು ನಮ್ಮ ಸರಕಾರ ಹಣ ಹಾಕಬೇಕೇ, ಬೇಡವೇ? ಅಮೆರಿಕದವರು ಹಿಂದೊಮ್ಮೆ ಇಂಥದೊಂದನ್ನು ಸೈನ್ಯಕ್ಕೆಂದು ಶುರುಮಾಡಿ, ಹಣ ಸುರಿದು, ಅರ್ಧದಲ್ಲಿ ಕೈಬಿಟ್ಟಿದ್ದರು. ಈ ಜನವರಿಯಲ್ಲಿ ಬೇರೊಂದು ಬಗೆಯದನ್ನು ಕಟ್ಟುತ್ತೇವೆಂದು ಸಾರಿದ್ದರು. ಬಾಂಗ್ಲಾ ಯುದ್ಧ ಗೆದ್ದ ಉಮೇದು ಇನ್ನೂ ಇಳಿಯದ ಕೋಟದವರು, ದಿಲ್ಲಿ ತಮ್ಮ ತೀರ್ಮಾನಕ್ಕೇ ಕಾದಿದೆ ಎಂಬಂತೆ ಶಾಲೆಯ ಹಾಲ್ ತುಂಬ ಕುಳಿತಿದ್ದರು. ಪ್ರಭಾವತಿಯ ಪಾಲಿಗೆ ಬಂದದ್ದು ಹೊತ್ತು ನೋಡಿ ಗಂಟೆ ಬಾರಿಸುವ ಕೆಲಸ. "ಇದಕ್ಕೆ ಮಾತಾಡ್ದಿದ್ದವ್ರೇ ಆಯ್ಕ್" ಎಂದು ಅಧ್ಯಕ್ಷರಾದ ವೆಂಕಟ ಹೊಳ್ಳ ಮಾಸ್ಟ್ರು ತಾವೇ, ಸಭೆಯಲ್ಲಿ ಬಾಯಿ ತೆರೆಯದ ಅವಳನ್ನು ಆರಿಸಿದ್ದರು.

ಮೊದಲು ಮಾತಾಡಬೇಕಾದವನು ಲೀಲಾಧರ. ಕಿರಿಮಂಜೇಶ್ವರದಿಂದ ಬರುವ ಅವನ ಬಸ್ಸಿನ ಸುದ್ದಿಯೇ ಇಲ್ಲ.

"ಕಾದ್ ಸಾಕಾಯ್ತ್. ಗುಣಪಾಲ, ನೀನೇ ಶುರು ಮಾಡ್ ಮಗಾ" ಎಂದರು ಮಾಸ್ಟ್ರು.

ಗುಣಪಾಲ ಭಾಷಣವನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ. ಒಂದಕ್ಷರ ಬಿಡುವವನಲ್ಲ.

"ಸಭಿಕರೇ, ದೋಣಿಯನ್ನು ಒಂದು ಸಲ ಕಡಲಿಗಿಳಿಸಿ ಸುಟ್ಟುಬಿಡುವ ಮೀನುಗಾರ ಎಲ್ಲಾದರೂ ಉಂಟೇ ಎಂದು ನನ್ನ ಮಿತ್ರರು ಈಗಷ್ಟೇ ಕೇಳಿದರು" ಎನ್ನುತ್ತ ಪಕ್ಕದ ಖಾಲಿ ಕುರ್ಚಿಯತ್ತ ಕೈ ಚಾಚಿದ.

ಸಭೆಯೆಲ್ಲ ಕುರ್ಚಿಯನ್ನು ನೋಡಿತು. "ಹ್ವಾಯ್, ಎಲ್ಲಿದ್ದ ಮರಾಯಾ ನಿನ್ ಮಿತ್ರ? ನಮ್ಗ್ ಕಾಂತಿಲ್ಲೆ" ಎಂದು ಹಿಂದಿನಿಂದ ಒಂದು ದನಿ ಬಂತು.

ಗುಣಪಾಲನ ಕಿವಿ ಕೆಂಪಾಯಿತು. ನಿಲ್ಲಿಸಿದರೆ ಮುಂದಿನದು ಮರೆತುಹೋಗುತ್ತದೆ. "ನಾನು ಕೇಳುತ್ತೇನೆ, ದೋಣಿ ದಡಕ್ಕೆ ಬಂದರಷ್ಟೇ ಸಾಕೇ? ಹಲಗೆಯ ಸಂದಿಗೆ ಹುರಿ ತುಂಬಿ, ಎಣ್ಣೆ ಬಳಿದು, ಮತ್ತೆ ಇಳಿಸುವ ಖರ್ಚು ಯಾರದು? ಅಷ್ಟೆಲ್ಲ ಆದಮೇಲೂ ಬುಟ್ಟಿಯಲ್ಲಿ ಮೀನು ಬೇಡವೇ? ಈ ಯುದ್ಧದ ನೌಕೆ ಆಕಾಶದಿಂದ ಯಾವ ಮೀನು ತರುತ್ತದೆ?"

ಚಪ್ಪಾಳೆ ಬಿತ್ತು. ಅದು ನಿಲ್ಲುವ ಹೊತ್ತಿಗೆ ತಲೆತುಂಬ ಧೂಳು ಹೊತ್ತ ಲೀಲಾಧರ ಓಡಿಬಂದು ನೇರ ಮೈಕಿನ ಮುಂದೆ ನಿಂತ. ಗುಣಪಾಲ ಏನು ಹೇಳಿದನೆಂದು ಕೇಳುವ ಪುರುಸೊತ್ತೂ ಅವನಿಗಿರಲಿಲ್ಲ.

"ಸಭಿಕರೇ, ಒಂದು ರಾಕೆಟ್ಟಿಗೆ ಕೋಟಿಗಟ್ಟಲೆ ರೂಪಾಯಿ. ಒಂದು ಸಲ ಹಾರಿದರೆ ಸಮುದ್ರದ ಪಾಲು. ಮತ್ತೆ ಮತ್ತೆ ಹಾರುವ ಒಂದೇ ನೌಕೆ ನಮ್ಮ ಸೈನ್ಯದ ಕೈಯಲ್ಲಿದ್ದರೆ ಶತ್ರುವಿನ ಗಡಿಯನ್ನು ದಿನಾ ಮೇಲಿನಿಂದ ಕಾಯಬಹುದು. ದೋಣಿಯನ್ನು ಒಂದು ಸಲ ಕಡಲಿಗಿಳಿಸಿ ಸುಟ್ಟುಬಿಡುವ ಮೀನುಗಾರ ಎಲ್ಲಾದರೂ ಉಂಟೇ?"

ಹಾಲ್ ಇಡೀ ನಕ್ಕು ಉರುಳಿತು. ಮೆಚ್ಚುಗೆಯೆಂದೇ ತಿಳಿದ ಲೀಲಾಧರ ಅದೇ ಮಾತನ್ನು ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಹೇಳಿದ.

ಹೊಳ್ಳ ಮಾಸ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಕೂಸ್ ಹುಟ್ಟುಕ್ ಮುಂಚೆ ಕುಲಾಯಿ ಹೊಲ್ದ್ರ್ ಅಂಬುದ್ ಕೇಂಡಿದ್ದೆ, ಇವತ್ತ್ ಕಂಡೆ. ಎರಡ್ ಎಲೆಗ್ ಬಡ್ಸಿರೂ ಹುಳಿ ಒಂದೇ ಪಾತ್ರೆದ್. ಯಾರ್ ಮಾಡಿದ್ ಅಡ್ಗಿ ಇದ್?"

"ನಾನೇ ಬರ್ದದ್" ಎಂದ ಗುಣಪಾಲ.

"ಇವ ಎಂತ ಬರೀತ? ನಾನ್ ಬರ್ದದ್" ಎಂದ ಲೀಲಾಧರ. ಅಷ್ಟರಲ್ಲಿ ಅವನಿಗೂ ಏನೋ ಹೊಳೆಯಿತು. ಇಬ್ಬರೂ ಪ್ರಭಾವತಿಯ ಕಡೆ ನೋಡಬಾರದೆಂದು ಮಾಡಿನ ಹೆಂಚು ನೋಡತೊಡಗಿದರು.

"ಆಯ್ತ್, ಬರ್ದದ್ ಅತ್ಲಾಗ್ ಇಡಿ. ಈಗ ನಿಮ್ ಬಾಯಿಂದ ಹೇಳಿ ಕಾಂಬ. ಈ ನೌಕೆ ಕಟ್ಕಾ, ಬ್ಯಾಡ್ದಾ?" ಎಂದರು ಮಾಸ್ಟ್ರು.

ಲೀಲಾಧರ ಕಿಸೆ ತಡಕಿದ. ಗುಣಪಾಲ ಹೆಂಚು ಬಿಟ್ಟು ಕಣ್ಣಿಳಿಸಲಿಲ್ಲ. ಇನ್ನು ಯಾರೋ ಕೆಮ್ಮುತ್ತಾರೆ, ಮಾಸ್ಟ್ರು ವಂದನಾರ್ಪಣೆ ಎನ್ನುತ್ತಾರೆ, ಪಾನಕ ಬರುತ್ತದೆ ಎಂದು ಪ್ರಭಾವತಿಗೆ ಗೊತ್ತಿತ್ತು. ತನಗನ್ನಿಸಿದ್ದು ಎಂದಿನಂತೆ ತನ್ನೊಂದಿಗೇ ಮನೆಗೆ ವಾಪಸು ಬಂದು ಡೈರಿಯಲ್ಲಿ ಮಲಗುತ್ತದೆ ಎಂಬುದೂ ಗೊತ್ತಿತ್ತು.

ಅವಳು ಎದ್ದು ಗಂಟೆಯನ್ನು ಲೀಲಾಧರನ ಕೈಗಿತ್ತಳು. "ಹೊತ್ತ್ ಕಾಣ್" ಎಂದಳು. ಮೈಕು ಅವಳ ಹಣೆಯ ಎತ್ತರಕ್ಕಿತ್ತು. ಅದನ್ನು ಕಿರ್ರೆನಿಸಿ ತನ್ನ ಬಾಯಿಯವರೆಗೆ ಇಳಿಸಿಕೊಂಡಳು.

"ಎರಡೂ ನಾನೇ ಬರ್ದದ್, ಮಾಸ್ಟ್ರೆ. ನಂದ್ ಇನ್ನ್ ಹೇಳ್ಕಷ್ಟೆ."